ಬಾನೆಟ್ ಕೆಳಗಿನ ಒಲೆ

ಕೀ ತಿರುಗಿಸಿದೆ. ‘ಟಕ್’ ಅಂತು. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ‘ಟಕ್’. ಅಷ್ಟೇ. ಸೆಲ್ಫ್ ಎತ್ತಲೇ ಇಲ್ಲ.

2023ರ ಜುಲೈ. ಅರಿಜೋನಾದ ಚಾಂಡ್ಲರ್‌ನಲ್ಲಿ, ನಮ್ಮ ಮನೆಯಿಂದ ಆರು ಮೈಲಿ ದೂರದ ಒಂದು ಪೆಟ್ರೋಲ್ ಬಂಕ್. ಹೊರಗೆ 45 ಡಿಗ್ರಿ. ಆ ಬೇಸಿಗೆ ಇಲ್ಲಿದ್ದವರಿಗೆ ಮರೆಯುವುದಿಲ್ಲ. ಪಕ್ಕದ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 110 ಫ್ಯಾರನ್‌ಹೀಟ್ ಮುಟ್ಟಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿಯ ಮೇಲೆ. ಹಿಂದೆ ಒಬ್ಬ ಪಿಕಪ್‌ನವನು ನಾನು ಜಾಗ ಬಿಡಲಿ ಅಂತ ಕಾಯುತ್ತಿದ್ದ. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಯಾಕೆ ಹಾಗೆ ಕೂತಿದ್ದಾಳೆ ಅಂತ ಆಗ ನಾನು ಕೇಳಲಿಲ್ಲ.

ಇಳಿದು ಬಾನೆಟ್ ಎತ್ತಿದೆ. ಬೇಕರಿಯ ಒಲೆ ಬಾಗಿಲು ತೆಗೆದಂತೆ ಝಳ ಮುಖಕ್ಕೆ ಹೊಡೆಯಿತು. ಬಾನೆಟ್ ಹಿಡಿದಿದ್ದ ಕೈ ತಾನಾಗಿ ಹಿಂದೆ ಬಂತು. ಆಗಲೇ ಕಂಡದ್ದು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ನೇರ ಮೇಲೆ, ಬಾನೆಟ್‌ನ ನೀಲಿ ಬಣ್ಣ ಗುಳ್ಳೆ ಎದ್ದಿತ್ತು, ಎಣ್ಣೆಗೆ ಬಿಟ್ಟ ಹಪ್ಪಳದ ಮೇಲೆ ಏಳುತ್ತಲ್ಲ, ಹಾಗೆ. ಟರ್ಬೊ ಕೂರಿಸಿ ಅವತ್ತಿಗೆ ಒಂಬತ್ತು ದಿನ.

ನಲವತ್ತು ನಿಮಿಷ ಬಂಕಿನ ನೆರಳಲ್ಲಿ ನಿಂತೆವು. ಆಮೇಲೆ ಏನೂ ಆಗದವರಂತೆ ಕಾರು ಸ್ಟಾರ್ಟ್ ಆಯಿತು. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು 1970ರ ಶೆವ್ರೊಲೆ ನೋವಾ, ಎರಡು ಬಾಗಿಲಿನದು. ಮಡಿವಂತರನ್ನು ಕೇಳಿದರೆ ಇದು ಮಸಲ್ ಕಾರೇ, ಅಂದರೆ ದೊಡ್ಡ ಎಂಜಿನ್ನಿನ ಜೋರು ಕಾರೇ, ಅಲ್ಲ ಅನ್ನುತ್ತಾರೆ. ಅವರ ಪ್ರಕಾರ 350 ಘನ ಇಂಚು ಅಥವಾ ಅದಕ್ಕಿಂತ ದೊಡ್ಡ ಎಂಜಿನ್ ಹಾಕಿದ, ಎಸ್‌ಎಸ್ ಅನ್ನುವ ಮಾದರಿ ಮಾತ್ರ ಮಸಲ್ ಕಾರು. ನನ್ನದು ಕಾರ್ಖಾನೆಯಿಂದ ಬಂದದ್ದು ಬಡಪಾಯಿ 307 ಎಂಜಿನ್ ಜೊತೆ. ಹಿಂದಿನ ಮಾಲೀಕ ಅದನ್ನು ತೆಗೆದು, ಎಪ್ಪತ್ತರ ದಶಕದ ಪಿಕಪ್ ಟ್ರಕ್ ಒಂದರ 350 ಹಾಕಿದ್ದ. ಆ ಟ್ರಕ್ ಎಂಜಿನ್‌ನ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿಯನ್ನು ಹಿಂಡುವ ಪ್ರಮಾಣ) ಕಡಿಮೆ, 8.5ಕ್ಕೆ 1. ಸೋಮಾರಿ ಎಂಜಿನ್. ಆದರೆ ಕಡಿಮೆ ಕಂಪ್ರೆಶನ್ ಅಂದರೆ ಟರ್ಬೊಗೆ ಒಳ್ಳೆಯದು ಅಲ್ವಾ? ಆ ಯೋಚನೆ ತಲೆಗೆ ಹೊಕ್ಕಮೇಲೆ ಬಿಡಲಿಲ್ಲ. ಕಾರ್ಬ್ಯುರೇಟರ್ ತೆಗೆದು ಫ್ಯುಯೆಲ್ ಇಂಜೆಕ್ಷನ್ ಹಾಕಿದೆ. ಎರಡೂ ಕಡೆಯ ಎಕ್ಸಾಸ್ಟ್ ಒಂದುಗೂಡಿಸಿ, ಎಂಜಿನ್‌ನ ಬಲಗಡೆ ಮುಂದೆ ಒಂದು ದೊಡ್ಡ ಟರ್ಬೊ ಕೂರಿಸಿದೆ. 7 ಪಿಎಸ್‌ಐ ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಒತ್ತಡ), ಅದಕ್ಕಿಂತ ಜಾಸ್ತಿ ಆಸೆ ಇರಲಿಲ್ಲ.

ಅಮೆರಿಕದ ಕಾರುಗಳಿಗೆ ಟರ್ಬೊ ಹೊಸದಲ್ಲ. 1962ರಲ್ಲೇ ಜನರಲ್ ಮೋಟರ್ಸ್‌ನ ಎರಡು ಕಾರುಗಳು ಟರ್ಬೊ ಜೊತೆ ಅಂಗಡಿಗೆ ಬಂದಿದ್ದವು: ಶೆವ್ರೊಲೆ ಕೊರ್ವೇರ್ ಮೊಂಜಾ ಸ್ಪೈಡರ್, ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಜೆಟ್‌ಫೈರ್‌ನವರು ಬಿಸಿ ಗಾಳಿಯಿಂದ ಎಂಜಿನ್ ನಾಕ್ ಆಗದಿರಲಿ (ಒಳಗೆ ಇಂಧನ ತಾನಾಗಿ ಸಿಡಿದು ಬಡಿಯದಿರಲಿ) ಅಂತ ನೀರು-ಮೆಥನಾಲ್ ಬೆರಕೆಯನ್ನು ಒಳಗೆ ಸಿಂಪಡಿಸುವ ಏರ್ಪಾಡು ಮಾಡಿದ್ದರು. ಅದಕ್ಕೆ ‘ಟರ್ಬೊ ರಾಕೆಟ್ ಫ್ಲುಯಿಡ್’ ಅಂತ ಭರ್ಜರಿ ಹೆಸರು ಬೇರೆ. ಡಬ್ಬಿ ಖಾಲಿಯಾದರೆ ತುಂಬಿಸಲು ಜನ ಮರೆಯುತ್ತಿದ್ದರು. ಎಂಬತ್ತರ ದಶಕದಲ್ಲಿ ಬ್ಯೂಯಿಕ್ ಗ್ರ್ಯಾಂಡ್ ನ್ಯಾಷನಲ್‌ಗೆ 1986ರಲ್ಲಿ, ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂದಾಗ ಶಕ್ತಿ 200ರಿಂದ 235 ಕುದುರೆಗೆ ಏರಿತು. ಇಷ್ಟೆಲ್ಲ ಓದಿಕೊಂಡಿದ್ದೆ. ಓದಿಕೊಂಡು ಇಂಟರ್‌ಕೂಲರ್ ಕೂಡ ಹಾಕಿದ್ದೆ. ಒಳಗೆ ಹೋಗುವ ಗಾಳಿಯ ಚಿಂತೆ ಮಾಡಿದವನು, ಟರ್ಬೊ ಸುತ್ತ ಕೂತ ವಸ್ತುಗಳ ಗತಿ ಏನು ಅಂತ ಯೋಚಿಸಿರಲಿಲ್ಲ.

ಟರ್ಬೊ ಇಲ್ಲದ ಕಾರಿನಲ್ಲಿ ಬಿಸಿ ಹೊಗೆ ಎಂಜಿನ್ ಬದಿಯ ಮ್ಯಾನಿಫೋಲ್ಡ್ ಪೈಪಿನಿಂದ ಇಳಿದು ಕಾರಿನ ಕೆಳಗೆ ಹೋಗಿಬಿಡುತ್ತದೆ. ಟರ್ಬೊ ಹಾಕಿದರೆ ಅದೇ ಹೊಗೆಯನ್ನು ನಾವು ಬಾನೆಟ್ ಕೆಳಗೇ ಹಿಡಿದು ನಿಲ್ಲಿಸಿ, ಅದರ ಕೈಲಿ ಚಕ್ರ ತಿರುಗಿಸುತ್ತೇವೆ. ಜೋರಾಗಿ ಓಡಿಸಿದಾಗ ಆ ಹೊಗೆ 850 ಡಿಗ್ರಿ ದಾಟುತ್ತದೆ. ಕತ್ತಲಲ್ಲಿ ನೋಡಿದರೆ ಟರ್ಬೊದ ಹೊಗೆ ಬದಿಯ ಎರಕದ ಕಬ್ಬಿಣ ಕೆಂಡದ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲೊಂದು ಲೆಕ್ಕ ನನಗೆ ತಡವಾಗಿ ಹೊಳೆಯಿತು. ವಸ್ತುವೊಂದು ಸುತ್ತ ಸೂಸುವ ಶಾಖ ಅದರ ತಾಪಮಾನದ ನಾಲ್ಕನೇ ಘಾತದಂತೆ ಏರುತ್ತದೆ, ಅದೂ ಕೆಲ್ವಿನ್ ಲೆಕ್ಕದಲ್ಲಿ. 425 ಡಿಗ್ರಿಯ ಪೈಪು 850 ಡಿಗ್ರಿಗೆ ಏರಿದರೆ ಸೂಸುವ ಶಾಖ ಎರಡು ಪಟ್ಟಲ್ಲ, ಆರೂವರೆ ಪಟ್ಟಿಗಿಂತ ಜಾಸ್ತಿ. ಮುಟ್ಟಬೇಕಾಗಿಲ್ಲ, ಎದುರಿಗಿದ್ದರೆ ಸಾಕು. ಬಣ್ಣ ಗುಳ್ಳೆ ಎದ್ದದ್ದು ಹಾಗೆ.

ಆ ಭಾನುವಾರ ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಬಂಕಿನಲ್ಲಿ ನಿಂತುಬಿಡ್ತು ಅಂದೆ.

“ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಹಾಕ್ದ್ಯೇನೋ?” ಅಂದರು.

ನಮ್ಮ ಮನೆಯಲ್ಲಿ ಅಂಬಾಸಿಡರ್ ಇತ್ತು. ಏಪ್ರಿಲ್ ರಜೆಯಲ್ಲಿ ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯ ಯಾವುದೋ ತಿರುವಿನಲ್ಲಿ ಅದು ಮುಕ್ಕರಿಸಿ ನಿಲ್ಲುತ್ತಿತ್ತು. ಅಪ್ಪ ಇಳಿದು, ಅಮ್ಮನ ಕೈಲಿದ್ದ ನೀರಿನ ಬಾಟಲಿ ತೆಗೆದುಕೊಂಡು, ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ ಸುತ್ತುತ್ತಿದ್ದರು. ಹತ್ತು ನಿಮಿಷ. ಆಮೇಲೆ ಹೊರಡುತ್ತಿತ್ತು. ಹಳೆಯ ಕಾರುಗಳಲ್ಲಿ ಪಂಪು ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವಾಗ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲು ಇನ್ನೂ ಬೇಗ ಕುದಿಯುತ್ತದೆ. ಆವಿಯನ್ನು ಪಂಪು ತಳ್ಳಲಾರದು. ವೇಪರ್ ಲಾಕ್ ಅಂದರೆ ಇದೇ.

“ಇಲ್ಲಪ್ಪ, ಇದ್ರಲ್ಲಿ ಪಂಪು ಟ್ಯಾಂಕ್ ಒಳಗಿದೆ. ಹಿಂದಿನಿಂದ ತಳ್ಳುತ್ತೆ. ಇದು ಸೆಲ್ಫ್ ಮೋಟರ್ ಸಮಸ್ಯೆ.”

“ಹಂಗಾದ್ರೆ ಸೆಲ್ಫ್ ಮೋಟರ್‌ಗೇ ಒದ್ದೆ ಬಟ್ಟೆ ಹಾಕು” ಅಂದರು ಅಪ್ಪ. ನಗು ಬಂತು. ಆದರೆ ಸಮಸ್ಯೆ ಅವರಿಗೆ ಅರ್ಥವಾಗಿತ್ತು.

ಶೆವ್ರೊಲೆಯ ಎಂಟು ಸಿಲಿಂಡರಿನ ವಿ-8 ಎಂಜಿನ್‌ಗಳ ಸೆಲ್ಫ್ ಮೋಟರ್ ಬಲಗಡೆ ಕೆಳಗೆ ಇರುತ್ತದೆ. ನನ್ನ ಟರ್ಬೊದ ಹೊಗೆ ಪೈಪು ಇಳಿಯುವುದೂ ಅಲ್ಲೇ. ತಾಮ್ರದ ತಂತಿ ಬಿಸಿಯಾದಂತೆ ಅದರ ವಿದ್ಯುತ್ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ಸೆಲ್ಫ್ ಮೋಟರ್‌ಗೆ ಕರೆಂಟು ಜೋಡಿಸುವ ತಂತಿ ಸುರುಳಿ, ಅಂದರೆ ಸೊಲೆನಾಯ್ಡ್, 25 ಡಿಗ್ರಿಯಿಂದ 120ಕ್ಕೆ ಹೋದರೆ ತಡೆ ಶೇ. 37 ಹೆಚ್ಚು. ಐವತ್ತು ವರ್ಷ ಹಳೆಯ ವೈರಿಂಗ್‌ನಲ್ಲಿ ಮೊದಲೇ ವೋಲ್ಟೇಜ್ ಸೋರುತ್ತಿರುತ್ತದೆ. ಇದೂ ಸೇರಿದರೆ ‘ಟಕ್’ ಒಂದೇ ಗತಿ.

ಮೊದಲ ಸುತ್ತಿನಲ್ಲಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ದುಡ್ಡು ಸುರಿದೆ. ಟರ್ಬೊಗೆ ಕಂಬಳಿ ತರಿಸಿದೆ. ಹೌದು, ಕಂಬಳಿ ಅಂತಲೇ ಅನ್ನುತ್ತಾರೆ. ಟರ್ಬೊದ ಹೊಗೆ ಬದಿಗೆ ಹೊದಿಸಿ, ಸ್ಪ್ರಿಂಗು ಕೊಕ್ಕೆ ಹಾಕಿ ಬಿಗಿಯುವ ದಪ್ಪ ಹೊದಿಕೆ. ಪೈಪುಗಳಿಗೆ ಸುತ್ತಲು ಎರಡು ಇಂಚು ಅಗಲದ ಫೈಬರ್‌ಗ್ಲಾಸ್ ಪಟ್ಟಿಯ ಎರಡು ಸುರುಳಿ. ಸೆಲ್ಫ್ ಮೋಟರ್‌ಗೆ ಬೆಳ್ಳಿ ಬಣ್ಣದ ಒಂದು ಜಾಕೆಟ್.

ಪಟ್ಟಿ ಸುತ್ತುವ ಕೆಲಸ ಒಂದು ಶನಿವಾರ ಪೂರ್ತಿ ತಿಂದಿತು. ಮೊದಲು ಪಟ್ಟಿಯನ್ನು ಬಕೆಟ್ ನೀರಲ್ಲಿ ನೆನೆಸಬೇಕು. ಒದ್ದೆ ಪಟ್ಟಿ ಮೆತ್ತಗಾಗಿ ಬಾಗುಗಳಲ್ಲಿ ಚೆನ್ನಾಗಿ ಕೂರುತ್ತದೆ, ದೂಳೂ ಕಡಿಮೆ. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರಬೇಕು. ಕೈ ಸಡಿಲ ಬಿಟ್ಟರೆ ಮುಗಿಯಿತು, ಇಡೀ ಸುತ್ತು ಜಾರುತ್ತದೆ. ಕೊನೆಗೆ ಸ್ಟೀಲ್ ಪಟ್ಟಿಯಿಂದ ಬಿಗಿಯಬೇಕು. ಕೈಗವಸು ಹಾಕಿಕೊಂಡಿದ್ದೆ, ಆದರೆ ತೋಳು ಬರಿದಾಗಿತ್ತು. ಸಂಜೆ ಹೊತ್ತಿಗೆ ತುರಿಕೆ ಶುರುವಾಯಿತು. ಚಿಕ್ಕವನಿದ್ದಾಗ ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯ ಬೇಲಿಯಲ್ಲಿ ನಸುಗುನ್ನಿ ಮುಟ್ಟಿ ಅತ್ತದ್ದು ನೆನಪಾಯಿತು. ಎರಡಕ್ಕೂ ವ್ಯತ್ಯಾಸವಿಲ್ಲ. ಬಿಸಿನೀರಲ್ಲಿ ತೊಳೆಯಬೇಡಿ, ತಣ್ಣೀರಲ್ಲೇ ತೊಳೆಯಿರಿ. ಇದು ನನ್ನ ಚರ್ಮ ಕಲಿಸಿದ ಪಾಠ.

ಮೊದಲ ಸಲ ಎಂಜಿನ್ ಬಿಸಿಯಾದಾಗ ಪಟ್ಟಿಯಿಂದ ಹೊಗೆ ಎದ್ದಿತು. ಪಕ್ಕದ ಬೀದಿಯಲ್ಲಿರುವ, ಜೀವನವಿಡೀ ಶೆವ್ರೊಲೆ ರಿಪೇರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ಗೇಟಿನ ಹತ್ತಿರ ನಿಂತರು. “ಹೆದರಬೇಡ, ಅದು ಪಟ್ಟಿಯೊಳಗಿನ ಅಂಟು ಸುಡ್ತಿರೋದು. ಒಂದೆರಡು ಸಲ ಹೀಗಾಗುತ್ತೆ” ಅಂದರು. ಆಮೇಲೆ ಬಗ್ಗಿ ನೋಡಿ, “ಎಲ್ಲ ಕಟ್ಟಿಹಾಕಿದೀಯ. ಸರಿ. ಹೊರಗೆ ಹೋಗೋಕೆ ದಾರಿ ಎಲ್ಲಿ?” ಅಂತ ಕೇಳಿದರು. ನಾನು ಅದನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಯಿ ಎಳೆಯಿತು, ಅವರು ಹೋದರು.

ಈ ಸಲ ಅಂದಾಜಿನ ಮೇಲೆ ಬಿಡಬಾರದು ಅಂತ ಬಿಸಿ ಅಳೆಯುವ ನಾಲ್ಕು ಥರ್ಮೊಕಪಲ್ ತಂದೆ. ಹಗಲು ಚಿಪ್ ಕಾರ್ಖಾನೆಯಲ್ಲಿ ಅಳತೆ ಮಾಡುವುದೇ ನನ್ನ ಕೆಲಸ. ಮನೆಯ ಕಾರಿಗೆ ಮಾತ್ರ ಅಂದಾಜಿನಲ್ಲೇ ಕೈ ಹಾಕಿದ್ದೆ. ಒಂದನ್ನು ಏರ್ ಫಿಲ್ಟರ್ ಬಾಯಿಗೆ ಕಟ್ಟಿದೆ, ಒಂದನ್ನು ಬ್ರೇಕ್ ಆಯಿಲ್ ಡಬ್ಬಿಗೆ, ಒಂದನ್ನು ಸೆಲ್ಫ್ ಮೋಟರ್‌ಗೆ, ಇನ್ನೊಂದನ್ನು ಬಾನೆಟ್ ಒಳಮೈಗೆ. ಸಂಜೆ ಆರಕ್ಕೆ, 42 ಡಿಗ್ರಿ ಬಿಸಿಲಲ್ಲಿ, ಅರ್ಧ ಗಂಟೆ ಊರೊಳಗೆ ಓಡಿಸಿದೆ.

ಬಾನೆಟ್ ಒಳಮೈಯ ಕಾವು ಇಳಿದಿತ್ತು, ಒಪ್ಪಿದೆ. ಕಂಬಳಿಯಿಂದ ಅಷ್ಟು ಲಾಭ. ಆದರೆ ಏರ್ ಫಿಲ್ಟರ್ ಹತ್ತಿರ ಗಾಳಿ 74 ಡಿಗ್ರಿ ಇತ್ತು. ಪಟ್ಟಿ ಸುತ್ತುವ ಮೊದಲೂ ಹೆಚ್ಚುಕಡಿಮೆ ಅಷ್ಟೇ ಇದ್ದಿರಬೇಕು. ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ, ಎಂಜಿನ್‌ನ ಕಾವು, ಎಲ್ಲ ಅಲ್ಲೇ ಸುತ್ತುತ್ತಿತ್ತು. ಆ ಗಾಳಿಯನ್ನೇ ಟರ್ಬೊ ಕುಡಿಯುತ್ತಿತ್ತು.

ರಾತ್ರಿ ಊಟದ ಮೇಜಿನಲ್ಲಿ ಲೆಕ್ಕ ಹಾಕಿದೆ. ಗಾಳಿಯನ್ನು 7 ಪಿಎಸ್‌ಐ ಒತ್ತಿದರೆ ಅದು ತಾನೇ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ. ಕಂಪ್ರೆಸರ್ ದಕ್ಷತೆ ಶೇ. 70 ಅಂತ ಹಿಡಿದರೆ, ಹೊರಗಿನ ಬಿಸಿಗೆ ಹತ್ತಿರವಾದ 46 ಡಿಗ್ರಿಯ ಗಾಳಿ ಒಳಗೆ ಹೋದರೆ ಹೊರಗೆ ಬರುವುದು ಸುಮಾರು 100 ಡಿಗ್ರಿ. 74 ಡಿಗ್ರಿಯದು ಹೋದರೆ ಬರುವುದು 130 ದಾಟುತ್ತದೆ. ಒಳಗೆ 28 ಡಿಗ್ರಿ ಹೆಚ್ಚಾದದ್ದು ಹೊರಗೆ ಬರುವಾಗ 33 ಆಯಿತು. ಬಡ್ಡಿ ಸಮೇತ. ಆ ಬಿಸಿಯನ್ನು ಇಂಟರ್‌ಕೂಲರ್ ಇಳಿಸಬೇಕು. ಇಂಟರ್‌ಕೂಲರ್ ಕೂತಿರುವುದು ರೇಡಿಯೇಟರ್ ಮುಂದೆ. ಅದು ಇಳಿಸಿದ ಬಿಸಿಯೆಲ್ಲ ಮತ್ತೆ ರೇಡಿಯೇಟರ್ ಮೂಲಕ ಬಾನೆಟ್ ಒಳಗೇ ಬರುತ್ತದೆ. ಎಲ್ಲ ಬಿಟ್ಟು ಬಾ ಅಂದರೂ ಸುತ್ತಿ ಸುತ್ತಿ ಅಲ್ಲಿಗೇ.

ಏರ್ ಫಿಲ್ಟರ್ ಕೆಲಸ ಸುಲಭವಾಗಿತ್ತು. ರೇಡಿಯೇಟರ್ ಪಕ್ಕದ ತಗಡಿನಲ್ಲಿ ತೂತು ಕೊರೆದು, ಪೈಪು ಹೊರಗೆಳೆದು, ಬಲ ಹೆಡ್‌ಲೈಟ್ ಹಿಂದೆ, ಚಕ್ರದ ಮುಂದಿನ ಪೊಳ್ಳಿನಲ್ಲಿ ಫಿಲ್ಟರ್ ಇಟ್ಟೆ. ಅಲ್ಲಿಗೆ ಹೊರಗಿನ ಗಾಳಿಯೇ ಬರುತ್ತದೆ. ಅದೇ ಪರೀಕ್ಷೆ ಮತ್ತೆ ಮಾಡಿದಾಗ 46 ಡಿಗ್ರಿ. ಕಂಬಳಿ, ಪಟ್ಟಿ ಎಲ್ಲಕ್ಕೂ ಸೇರಿ ಖರ್ಚಾದ ದುಡ್ಡಿನ ಹತ್ತನೇ ಒಂದು ಭಾಗದಲ್ಲಿ ಇಷ್ಟು ಸಿಕ್ಕಿತು ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ಜೊತೆಗೆ ರೇಡಿಯೇಟರ್ ಸುತ್ತಲಿನ ಸಂದುಗಳಿಗೆಲ್ಲ ಫೋಮ್ ತುರುಕಿದೆ. ನಿಂತಿರುವಾಗ ಫ್ಯಾನು ತಳ್ಳಿದ ಬಿಸಿ ಗಾಳಿ ಆ ಸಂದಿನಿಂದಲೇ ಮತ್ತೆ ಮುಂದಕ್ಕೆ ಬಂದು ರೇಡಿಯೇಟರ್ ಹೊಗುತ್ತಿತ್ತು.

ಉಳಿದದ್ದು ಹಿರಿಯರ ಪ್ರಶ್ನೆ. ದಾರಿ ಎಲ್ಲಿ?

ಇಲ್ಲಿ ಒಂದು ಹಳೆಯ ನಂಬಿಕೆ ಇದೆ. ಬಾನೆಟ್‌ನ ಹಿಂದಿನ ಕೀಲಿಗೆ ಎರಡೆರಡು ವಾಷರ್ ಕೊಟ್ಟು ಮುಂದಿನ ಗಾಜಿನ ಬುಡದಲ್ಲಿ ಒಂದು ಇಂಚು ಎತ್ತಿದರೆ, ಬಿಸಿ ಅಲ್ಲಿಂದ ಹೋಗುತ್ತದೆ ಅಂತ. ನಾನೂ ಎತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಜಿನ ಮುಂದೆ ಗಾಳಿ ಬಿಸಿಲುಗುದುರೆಯಂತೆ ನಡುಗುವುದು ಕಾಣುತ್ತಿತ್ತು. ಆಹಾ, ಹೋಗ್ತಾ ಇದೆ ಅಂದುಕೊಂಡೆ. ಆದರೆ ಹೈವೇ ಹತ್ತಿದರೆ ಥರ್ಮೊಕಪಲ್ ಕೆಳಗಿಳಿಯಲೇ ಇಲ್ಲ, ಒಂದೆರಡು ಡಿಗ್ರಿ ಏರಿದಂತೆಯೇ ಇತ್ತು.

ಯಾಕೆ ಅಂತ ನೋಡಲು ಒಂದು ಆಟಿಕೆ ಮಾಡಿದೆ. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಾರದರ್ಶಕ ಕೊಳವೆ ಇದೆಯಲ್ಲ, ಅದನ್ನು ಯು ಆಕಾರಕ್ಕೆ ಬಗ್ಗಿಸಿ ರಟ್ಟಿಗೆ ಅಂಟಿಸಿದೆ. ಒಳಗೆ ಅರ್ಧದಷ್ಟು ನೀರು. ನೀರು ಕಾಣಲಿ ಅಂತ ದೇವರ ಮನೆಯಿಂದ ಒಂದು ಚಿಟಿಕೆ ಕುಂಕುಮ. ಕೊಳವೆಯ ಒಂದು ತುದಿಯನ್ನು ಬಾನೆಟ್ ಮೇಲೆ ಟೇಪಿನಿಂದ ಮಟ್ಟಸವಾಗಿ ಅಂಟಿಸಿದೆ, ಇನ್ನೊಂದು ತುದಿ ಬಾನೆಟ್ ಕೆಳಗೆ. ಒತ್ತಡ ಎಲ್ಲಿ ಜಾಸ್ತಿಯೋ ಆ ಕಡೆಯ ನೀರು ಕೆಳಗಿಳಿಯುತ್ತದೆ. ಹೆಂಡತಿ ರಟ್ಟನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಳು. ಭಾನುವಾರ ಬೆಳಿಗ್ಗೆ ಐದೂವರೆಗೆ ಲೂಪ್ 202 ಹೆದ್ದಾರಿಗೆ ಹೋದೆವು. 65 ಮೈಲಿ ವೇಗ.

“ಮೇಲಿನದು ಏರಿದೆ. ಒಂದು ಬೆರಳು ಇದೆ.”

“ಎಷ್ಟು ಮಿಲಿಮೀಟರು?”

“ರೀ, ಬೆರಳು ಅಂದೆ. ಬೇಕಾದ್ರೆ ಮನೇಲಿ ನನ್ನ ಬೆರಳು ಅಳೆದುಕೊಳ್ಳಿ.”

ಅಳೆದೆ, 16 ಮಿಲಿಮೀಟರ್. ಹೀಗೆ ಟೇಪನ್ನು ಒಂದೊಂದು ಕಡೆ ಕಿತ್ತು ಅಂಟಿಸುತ್ತ ಏಳು ಜಾಗ ನೋಡಿದೆವು. ಬಾನೆಟ್‌ನ ಮುಂಭಾಗದಲ್ಲಿ, ಮೂತಿಯಿಂದ ಒಂದೂವರೆ ಗೇಣು ಹಿಂದೆ, ಮೇಲಿನ ಒತ್ತಡ ಒಳಗಿನದಕ್ಕಿಂತ ಚೆನ್ನಾಗಿ ಕಡಿಮೆ ಇತ್ತು. ಅಂದರೆ ಅಲ್ಲಿ ತೂತಿದ್ದರೆ ಬಿಸಿ ತಾನಾಗಿ ಹೀರಿಕೊಂಡು ಹೋಗುತ್ತದೆ. ಹಿಂದೆ ಹೋದಂತೆ ವ್ಯತ್ಯಾಸ ಕರಗುತ್ತ ಬಂತು. ಗಾಜಿನ ಬುಡದಲ್ಲಿ ಉಲ್ಟಾ! ಅಲ್ಲಿ ಹೊರಗಿನ ಒತ್ತಡವೇ ಜಾಸ್ತಿ. ಗಾಳಿ ಗಾಜಿಗೆ ಬಡಿದು ಅಲ್ಲಿ ಗುಡ್ಡೆ ಬೀಳುತ್ತದೆ. ನಾನು ವಾಷರ್ ಕೊಟ್ಟು ತೆರೆದ ಬಾಗಿಲಿನಿಂದ ಗಾಳಿ ಹೊರಗೆ ಹೋಗುತ್ತಿರಲಿಲ್ಲ, ಒಳಗೆ ನುಗ್ಗುತ್ತಿತ್ತು. ಒಳಗಿದ್ದ ಬಿಸಿಗೆ ಮುಚ್ಚಳ ಹಾಕಿದ ಹಾಗೆ.

ಇದನ್ನು ಶೆವ್ರೊಲೆಯವರು ಆ ಕಾಲದಲ್ಲೇ ಬಲ್ಲರು ಅನ್ನುವುದು ನನಗೆ ನಾಚಿಕೆ ತಂದ ವಿಷಯ. 1970ರ ಶೆವೆಲ್ ಎಸ್‌ಎಸ್‌ನಲ್ಲಿ ‘ಕೌಲ್ ಇಂಡಕ್ಷನ್’ ಅಂತ ಒಂದು ಬಾನೆಟ್ ಇತ್ತು. ಅದರ ಬಾಯಿ ಗಾಜಿನ ಕಡೆಗೆ ತೆರೆದುಕೊಳ್ಳುತ್ತದೆ. ಎಂಜಿನ್‌ಗೆ ಹೊರಗಿನ ಗಾಳಿ ಒಳಗೆಳೆಯಲಿಕ್ಕೆ ಅವರು ಆರಿಸಿದ ಜಾಗ ಅದು. ನಾನು ಅದೇ ಜಾಗದಲ್ಲಿ ಹೊರಗೆ ಕಳಿಸಲು ಹೊರಟಿದ್ದೆ. ವಾಷರ್ ಬಿಚ್ಚಿ ಡಬ್ಬಿಗೆ ಹಾಕಿದೆ.

ಬಾನೆಟ್ ಕೊರೆಯಬೇಕು. ಆದರೆ 1970ರ ಅಸಲಿ ತಗಡಿಗೆ ಗರಗಸ ಇಡಲು ಮನಸ್ಸು ಬರಲಿಲ್ಲ. ಮೂರು ವಾರ ಸುಮ್ನೆ ಓಡಾಡಿದೆ. ಕೊನೆಗೆ ಫೈಬರ್‌ಗ್ಲಾಸ್ ನಕಲು ಬಾನೆಟ್ ಒಂದನ್ನು ಕೊಂಡು, ಅಸಲಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಗರಾಜಿನ ಗೋಡೆಗೆ ನೇತು ಹಾಕಿದೆ. ನಕಲಿನಲ್ಲಿ ಎರಡು ಕಡೆ, ರೇಡಿಯೇಟರ್ ಹಿಂದೆ, ಜಾಲರಿ ಕಂಡಿ ಕೊರೆದು ಓರೆ ಪಟ್ಟಿಗಳ ಅಲ್ಯೂಮಿನಿಯಂ ಲೂವರ್ ಕೂರಿಸಿದೆ. ಬಲಗಡೆಯದು ಟರ್ಬೊದ ಮೇಲೇ ಬರುವಂತೆ ನೋಡಿಕೊಂಡೆ. ಫೈಬರ್‌ಗ್ಲಾಸ್‌ನ ಅಂಟು ಕಾವಿಗೆ ಮೆತ್ತಗಾಗುತ್ತದೆ, ಅದಕ್ಕೇ ಒಳಮೈಗೆ ಹೊಳೆಯುವ ಹಾಳೆ ಅಂಟಿಸಿದೆ.

ಹೊಳಪಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಲಾಭ ಕೊಟ್ಟ ವಸ್ತು ಕಂಬಳಿಯಲ್ಲ, ಒಂದು ತುಂಡು ತಗಡು. ಟರ್ಬೊದ ಮತ್ತು ಫೈರ್‌ವಾಲ್‌ನ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆಯ) ನಡುವೆ, ಯಾವುದಕ್ಕೂ ತಾಗದಂತೆ, ಎರಡೂ ಕಡೆ ಕನಿಷ್ಠ ಒಂದು ಬೆರಳು ಗಾಳಿ ಬಿಟ್ಟು ನಿಲ್ಲಿಸಿದ ಸ್ಟೇನ್‌ಲೆಸ್ ಸ್ಟೀಲ್ ತಗಡು. ಹೊಳೆಯುವ ಮೈ ಶಾಖವನ್ನು ಹಿಂದಕ್ಕೆ ಎಸೆಯುತ್ತದೆ, ನಡುವಿನ ಗಾಳಿ ಹರಿದು ಉಳಿದದ್ದನ್ನು ಕೊಂಡೊಯ್ಯುತ್ತದೆ. ಸೌದೆ ಒಲೆಯ ಎದುರು ಕೂತ ಅಜ್ಜಿ ಮುಖಕ್ಕೆ ಮೊರ ಅಡ್ಡ ಹಿಡಿಯುತ್ತಿದ್ದರು, ಅಷ್ಟೇ ವಿದ್ಯೆ. ಅಲ್ಯೂಮಿನಿಯಂ ಇನ್ನೂ ಚೆನ್ನಾಗಿ ಹೊಳೆಯುತ್ತದೆ, ಅಗ್ಗ ಕೂಡ. ಆದರೆ 660 ಡಿಗ್ರಿಗೆ ಕರಗುತ್ತದೆ. ಟರ್ಬೊ ಹತ್ತಿರ ಬೇಡ, ದೂರದ ಕೆಲಸಕ್ಕೆ ಸಾಕು. ಸೆಲ್ಫ್ ಮೋಟರ್‌ಗೂ ಜಾಕೆಟ್ ಬಿಚ್ಚಿ ಹೀಗೇ ಒಂದು ತಗಡು ಕೊಟ್ಟೆ. ಸಣ್ಣ ಗಾತ್ರದ ಹೊಸ ಮೋಟರ್, ದಪ್ಪ ಕೇಬಲ್, ಒಂದು ರಿಲೇ. ಆಮೇಲೆ ಆ ‘ಟಕ್’ ನಾನು ಕೇಳಿಲ್ಲ.

ಒಂದು ಹೆದರಿಕೆಯ ಘಟನೆಯನ್ನು ಬಿಟ್ಟುಬಿಡಬಾರದು. ಸೆಪ್ಟೆಂಬರ್‌ನಲ್ಲಿ ಸಿಗ್ನಲ್ ಒಂದರಲ್ಲಿ ನಿಂತಿದ್ದಾಗ ಸುಟ್ಟ ಎಣ್ಣೆ ವಾಸನೆ ಬಂತು. ಎಡ ಚಕ್ರದ ಹತ್ತಿರ ಬಿಳಿ ಹೊಗೆ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರೆ ಪವರ್ ಸ್ಟೀರಿಂಗ್ ಹೋಸ್ ಬಿರುಕು ಬಿಟ್ಟು, ಎಡದಿಂದ ಬಲಕ್ಕೆ ಹೊಗೆ ಒಯ್ಯುವ ಪೈಪಿನ ಮೇಲೆ ಒಂದೊಂದೇ ಹನಿ ಬೀಳುತ್ತಿದೆ. ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಚುರ್ ಚುರ್ ಅನ್ನುತ್ತಿದೆ. ಪೈಪಿಗೆ ಪಟ್ಟಿ ಸುತ್ತಿತ್ತಲ್ಲ, ಪಟ್ಟಿ ಎಣ್ಣೆಯನ್ನು ದೀಪದ ಬತ್ತಿ ಹೀರುವಂತೆ ಹೀರಿತ್ತು. ಬತ್ತಿ, ಎಣ್ಣೆ, ಕಾವು ಮೂರೂ ಸೇರಿದ್ದವು. ಬೆಂಕಿ ಯಾಕೆ ಹತ್ತಲಿಲ್ಲವೋ ದೇವರೇ ಬಲ್ಲ. ಪೈಪು ವೆಲ್ಡ್ ಮಾಡಿಕೊಟ್ಟ ಅಂಗಡಿಯವರು ಹೋಸ್‌ಗೂ ಪೈಪಿಗೂ ನಡುವೆ ಎರಡು ಬೆರಳು ಜಾಗವನ್ನೂ ಬಿಟ್ಟಿರಲಿಲ್ಲ. ಅವರಿಗಿಂತ ತಪ್ಪು ನನ್ನದು, ನೋಡಿಯೂ ಸುಮ್ಮನಿದ್ದೆ. ಅವತ್ತೇ ಸೀಟಿನ ಕೆಳಗೆ ಬೆಂಕಿ ಆರಿಸುವ ಸಿಲಿಂಡರ್ ಬಂತು. ಪಟ್ಟಿಯನ್ನು ಕಿತ್ತೆಸೆದು ಪೈಪುಗಳಿಗೆ ಸೆರಾಮಿಕ್ ಲೇಪ ಹಾಕಿಸಿದೆ. ಪಟ್ಟಿಯ ಅಡಿ ಮಾಮೂಲಿ ಸ್ಟೀಲು ಆಗಲೇ ಕೆಂಪಗೆ ತುಕ್ಕು ಹಿಡಿಯುತ್ತಿತ್ತು, ಅದೂ ಮಳೆಯೇ ಇಲ್ಲದ ಊರಿನಲ್ಲಿ. ಎರಡು ಸುರುಳಿ, ಒಂದು ಶನಿವಾರ, ಒಂದು ವಾರದ ತುರಿಕೆ, ಎಲ್ಲ ಕಸದ ಬುಟ್ಟಿಗೆ.

ಬ್ರೇಕ್ ಆಯಿಲ್ ಕೂಡ ಬದಲಿಸಿದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ಆದರೆ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, 155. ನನ್ನ ಡಬ್ಬಿ 90 ಡಿಗ್ರಿ ಆಸುಪಾಸು ಇತ್ತು, ಅಪಾಯವಿರಲಿಲ್ಲ. ಆದರೂ ಪೆಡಲ್ ನೆಲ ಮುಟ್ಟಿದ ಮೇಲೆ ಲೆಕ್ಕ ಹಾಕುವುದಕ್ಕಿಂತ ಇದು ವಾಸಿ.

ಎಲ್ಲಕ್ಕಿಂತ ತಡವಾಗಿ ಅರ್ಥವಾದದ್ದು, ಕೆಟ್ಟ ಹೊತ್ತು ಕಾರು ಓಡುವಾಗಿನದಲ್ಲ, ನಿಂತಮೇಲಿನದು ಅಂತ. ಮೊದಲೆಲ್ಲ ಎಂಜಿನ್ ಆಫ್ ಮಾಡಿದ ಕೂಡಲೇ ನಾನು ಥರ್ಮೊಕಪಲ್ ದಾಖಲೆಯನ್ನೂ ನಿಲ್ಲಿಸುತ್ತಿದ್ದೆ. ಒಂದು ದಿನ ಮರೆತು ಹಾಗೇ ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದೆ. ವಾಪಸ್ ಬಂದು ನೋಡಿದರೆ ಗೆರೆ ಮೇಲಕ್ಕೇ ಹೋಗಿದೆ. ಸೆಲ್ಫ್ ಮೋಟರ್ ಹನ್ನೆರಡನೇ ನಿಮಿಷದವರೆಗೂ ಬಿಸಿಯಾಗುತ್ತಲೇ ಇತ್ತು. ಅಜ್ಜಿ ಮನೆಯ ಬಚ್ಚಲ ಹಂಡೆಯ ಹಾಗೆ. ಉರಿ ಆರಿದರೂ ಒಲೆಯ ಕೆಂಡ, ಕಲ್ಲು, ಹಂಡೆ ಎಲ್ಲ ಕಾವು ಬಿಡುತ್ತಲೇ ಇರುತ್ತವೆ, ಕೊನೆಗೆ ಸ್ನಾನಕ್ಕೆ ಹೋದವರಿಗೇ ಕುದಿ ನೀರು. ಎಂಜಿನ್ ನಿಂತರೆ ಗಾಳಿಯೂ ನಿಂತಿತು, ನೀರೂ ನಿಂತಿತು, ಆಯಿಲೂ ನಿಂತಿತು. ಎರಡು ಗೇಣು ಉದ್ದದ ಕೆಂಡದಂಥ ಕಬ್ಬಿಣ ಮಾತ್ರ ಅಲ್ಲೇ ಇದೆ. ಟರ್ಬೊದ ನಡುವಿನ ಬೇರಿಂಗ್‌ನಲ್ಲಿ ಉಳಿದ ಆಯಿಲ್ ಸುಟ್ಟು ಕರಿಯಾಗುವುದು ಆಗಲೇ.

ಅದಕ್ಕೆ ಮೂರು ಕೆಲಸ ಮಾಡಿದೆ. ಟರ್ಬೊದ ನಡುಭಾಗಕ್ಕೆ ರೇಡಿಯೇಟರ್ ನೀರಿನ ಲೈನ್ ಎಳೆದೆ. ನೀರು ಹೊರಬರುವ ಪೈಪು ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ತಗ್ಗಬಾರದು. ಹಾಗಿದ್ದರೆ ಪಂಪು ನಿಂತಮೇಲೂ ಬಿಸಿ ನೀರು ತಾನಾಗಿ ಮೇಲೇರಿ, ತಣ್ಣೀರು ಕೆಳಗಿನಿಂದ ಬರುತ್ತದೆ. ಎಂಜಿನ್ ಆಫ್ ಆದಮೇಲೂ ಫ್ಯಾನುಗಳು ಐದು ನಿಮಿಷ ತಿರುಗುವಂತೆ ಟೈಮರ್ ಹಾಕಿದೆ. ಮನೆ ತಲುಪುವ ಕೊನೆಯ ಅರ್ಧ ಮೈಲಿ ಬೂಸ್ಟ್ ಇಲ್ಲದೆ ನಿಧಾನ ಬರುತ್ತೇನೆ. ಲೂವರ್ ಇರುವುದರಿಂದ ನಿಂತ ಕಾರಿನ ಬಿಸಿಯೂ ಹೊಗೆಗಂಡಿಯಿಂದ ಹೋದಂತೆ ಸುಮ್ನೆ ಮೇಲೆದ್ದು ಹೋಗುತ್ತದೆ. ಗರಾಜಿನಲ್ಲಿ ಅದರ ಮೇಲೆ ಅಂಗೈ ಹಿಡಿದರೆ ಗೊತ್ತಾಗುತ್ತದೆ, ನೀರೊಲೆ ಬಾಯಿಯ ಕಾವು.

2024ರ ಬೇಸಿಗೆ ಇನ್ನೂ ಘೋರವಾಗಿತ್ತು. ಫೀನಿಕ್ಸ್‌ನಲ್ಲಿ ಸತತ 113 ದಿನ 100 ಫ್ಯಾರನ್‌ಹೀಟ್ ಮುಟ್ಟಿತ್ತು. ಆಗಸ್ಟ್‌ನ ಒಂದು ಸಂಜೆ ಅದೇ ಬಂಕಿಗೆ ಹೋದೆವು, ಬೇಕಂತಲೇ. ಪೆಟ್ರೋಲ್ ಹಾಕಿಸಿ, ಎಂಜಿನ್ ಆಫ್ ಮಾಡಿ, ಹನ್ನೆರಡು ನಿಮಿಷ ಕಾದೆ. ಗಡಿಯಾರ ನೋಡಿಕೊಂಡೇ ಕಾದೆ. ಹೊರಗೆ ದೂಳುಗಾಳಿ ಎದ್ದು, ನಾಲ್ಕು ದಪ್ಪ ಹನಿ ಬಿದ್ದವು. ಒಂದು ಹನಿ ಲೂವರ್ ಒಳಗೆ ಇಳಿದು ಚುಸ್ ಅಂತ ಆವಿಯಾಯಿತು. ಇದಕ್ಕೆ ಮಳೆ ಮುಚ್ಚಳ ಮಾಡಬೇಕು. ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್.

ನಾನು ಹೆಂಡತಿ ಕಡೆ ತಿರುಗಿದೆ. ಏನಾದರೂ ಹೇಳುತ್ತಾಳೆ ಅಂತ. ಅವಳು ಇನ್ನೂ ಚಕ್ಕಳಮಕ್ಕಳ ಹಾಕಿಕೊಂಡೇ ಕೂತಿದ್ದಳು.

“ಯಾಕೆ ಹಾಗೆ ಕೂರ್ತೀಯ ಯಾವಾಗ್ಲೂ?”

ಬಗ್ಗಿ ಕೆಳಗಿದ್ದ ಚಪ್ಪಲಿ ಎತ್ತಿ ತೋರಿಸಿದಳು. ಅಟ್ಟೆ ಮೆತ್ತಗಾಗಿ, ಮ್ಯಾಟಿನ ಗೆರೆಗಳು ಅದರ ಮೇಲೆ ಅಚ್ಚೊತ್ತಿದ್ದವು.

“ರೀ, ಆ ಪೈಪು ಇಲ್ಲಿಂದ ತಾನೇ ಹೋಗೋದು? ನಿಮ್ಮ ಬಾನೆಟ್ ತಣ್ಣಗಾಯ್ತು. ನನ್ನ ಕಾಲಿನ ಕಡೆ ಯಾವಾಗ ನೋಡ್ತೀರಾ?”